ಗಡಿಗೆಪ್ಪ ಖಾಲಿ ಬಿಟ್ಟ ಜಾಗ

ಪುಟ ಬೆಳ್ಳಗಾದ ದಿನ ಅಲ್ಲಾಉದ್ದೀನ್ ಮಾನ್ವಿಯಿಂದ ರಾಯಚೂರಿಗೆ ಬಂದದ್ದು ಜಗಳ ಮಾಡಲಿಕ್ಕೇ. ಆಂಬುಲೆನ್ಸನ್ನು ಯಶೋಧಾಳ ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸಿದ. ಮದುವೆ ಕಾರ್ಡಿನ ಮಾದರಿ ನೋಡುತ್ತ ಕೂತಿದ್ದ ಗಿರಾಕಿಗಳನ್ನು ದಾಟಿ ಬಂದು, ತನ್ನ ಫೋನನ್ನು ಅವಳ ಕೀಬೋರ್ಡಿನ ಮೇಲೆ ಇಟ್ಟ.

“ಏನ್ ಕಾಣ್ತದ ಹೇಳಕ್ಕಾ.”

ಏನೂ ಕಾಣುತ್ತಿರಲಿಲ್ಲ. ದವಾಖಾನೆಗಳ ಹೆಸರು ಇರಬೇಕಾದ ಕಡೆ ಬರೀ ಬಿಳಿ.

“ಹುಳ ಮುಟ್ಟಿದ ಮನಷ್ಯಾನ್ನ ಹಿಂದ ಮಲಗಿಸ್ಕೊಂಡು ಸಿರವಾರ ಕ್ರಾಸಿನ್ಯಾಗ ನಿಂತಿದ್ದೆ. ಎಡಕ್ಕ ಹೊಡೀಲೋ, ಬಲಕ್ಕ ಹೊಡೀಲೋ? ನಿನ್ನ ಪುಟ ನೋಡಿದ್ರ ಸುಣ್ಣ ಹಚ್ಚಿದ ಗ್ವಾಡಿ.”

“ಆ ಮನಷ್ಯಾ?”

“ಬದುಕ್ಯಾನ. ಅವನ ನಸೀಬು ಛಲೋ ಇತ್ತು. ನಿಂದೂ.”

ಹಾವು ಕಚ್ಚಿತು ಎಂದು ಆ ಕಡೆಯ ಜನ ಬಾಯಿಬಿಟ್ಟು ಹೇಳುವುದಿಲ್ಲ, ಹುಳ ಮುಟ್ಟಿತು ಅನ್ನುತ್ತಾರೆ. ಕಾಲುವೆ ನೀರು ಹರಿದಲ್ಲೆಲ್ಲ ಭತ್ತ, ಭತ್ತ ಇದ್ದಲ್ಲಿ ಇಲಿ, ಇಲಿಯ ಹಿಂದೆ ಹಾವು. ವಿಷ ಇಳಿಸುವ ಇಂಜೆಕ್ಷನ್ ಮಾತ್ರ ಎಲ್ಲ ದವಾಖಾನೆಯಲ್ಲೂ ಎಲ್ಲ ದಿನವೂ ಇರುವುದಿಲ್ಲ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಒಂದೊಂದೇ ದವಾಖಾನೆಗೆ ಫೋನ್ ಹಚ್ಚಿ ಸಾಕಾಗಿ ಅಲ್ಲಾಉದ್ದೀನನೇ ಒಂದು ಸಲ ಯಶೋಧಾಳನ್ನು ಕೇಳಿದ್ದ, ಇವತ್ತು ಎಲ್ಲಿ ಇಂಜೆಕ್ಷನ್ ಅದ ಅಂತ ಒಂದೇ ಕಡೆ ಕಾಣುವಂತೆ ಮಾಡಲಿಕ್ಕೆ ಬರುತ್ತದೇನು ಎಂದು. ಅವಳು ಕಾರ್ಡು, ಫ್ಲೆಕ್ಸು ಮಾಡುವವಳು. ಅಂಗಡಿಗಳವರಿಗೆ ಸಣ್ಣ ಸಣ್ಣ ವೆಬ್‌ಸೈಟ್ ಕಟ್ಟಿಕೊಡುವುದನ್ನೂ ತಾನೇ ನೋಡಿ ನೋಡಿ ಕಲಿತಿದ್ದಳು. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳದೆ ಮಾಡಿಕೊಟ್ಟಳು.

ಮಾಡಿದ್ದು ಸರಳವಾಗಿತ್ತು. ಇಂಟರ್‌ನೆಟ್ಟಿನಲ್ಲಿ ಒಂದು ಪಟ್ಟಿ, ಅದರಲ್ಲಿ ಒಂದೊಂದು ದವಾಖಾನೆಗೆ ಒಂದೊಂದು ಸಾಲು. ಔಷಧಿ ಕೋಣೆಯವರು ತಮ್ಮ ಫೋನಿನಿಂದಲೇ ತಮ್ಮ ಸಾಲು ತಿದ್ದುತ್ತಾರೆ. ತಿದ್ದಿದ ಕೂಡಲೇ ಎಲ್ಲೋ ದೂರದ ಒಂದು ಕಂಪ್ಯೂಟರು ಎಲ್ಲ ಪುಟಗಳನ್ನು ಹೊಸದಾಗಿ ಕಟ್ಟಿ ಮೇಲಕ್ಕೆ ಏರಿಸುತ್ತದೆ. ಇಂಥ ಸೈಟಿನಲ್ಲಿ ಪುಟಗಳು ಅಚ್ಚಾದ ಕಾರ್ಡಿನ ಹಾಗೆ ಮೊದಲೇ ಸಿದ್ಧವಾಗಿರುತ್ತವೆ, ಕೇಳಿದವರಿಗೆ ತೆಗೆದು ಕೊಡುವುದಷ್ಟೇ ಕೆಲಸ. ಹಾಗಾಗಿ ಕಾಲುವೆ ಕೊನೆಯಲ್ಲಿ ಭತ್ತದ ರೈತರು ನೆಲೆಸಿದ ಕ್ಯಾಂಪಿನಲ್ಲೂ, ಸಿಗ್ನಲ್ ಒಂದೇ ಗೀಟು ಇದ್ದರೂ, ತೆರೆಯುತ್ತಿತ್ತು.

ಪುಟ ಬೆಳ್ಳಗಾದ ದಿನ ಯಾರೋ ಫೋನ್ ನಂಬರಿನ ಜಾಗದಲ್ಲಿ ಹಬ್ಬದ ಶುಭಾಶಯದ ಇಡೀ ಮೆಸೇಜನ್ನು ಅಂಟಿಸಿದ್ದರು. ಪುಟ ಕಟ್ಟುವ ಕೆಲಸ ನಡುವೆ ಮುರಿದಿತ್ತು, ಮುರಿದದ್ದೇ ಮೇಲಕ್ಕೆ ಹೋಗಿತ್ತು.

ಅಲ್ಲಾಉದ್ದೀನ್ ಹೋದ ಮೇಲೆ ಯಶೋಧಾ ಮೇಜಿನ ಮೇಲಿದ್ದ ಕಾರ್ಡಿನ ಪ್ರೂಫ್ ನೋಡುತ್ತ ಕೂತಳು. ವರನ ಅಜ್ಜನ ಹೆಸರು ಬಿಟ್ಟುಹೋದೀತು ಎಂದು ಗಿರಾಕಿಗೆ ತೋರಿಸಿ ಸಹಿ ಹಾಕಿಸಿಕೊಳ್ಳದೆ ಅವಳು ಒಂದು ಕಾರ್ಡನ್ನೂ ಅಚ್ಚಿಗೆ ಬಿಟ್ಟವಳಲ್ಲ. ಜೀವದ ವಿಷಯದ ಪುಟಕ್ಕೆ ಪ್ರೂಫ್ ಇಲ್ಲ.

ಆ ವಾರ ಪೂರ್ತಿ ಅಂಗಡಿ ಮುಚ್ಚಿದ ಮೇಲೂ ಕೂತು ಅದನ್ನೇ ಮಾಡಿದಳು. ಪ್ರೂಫನ್ನು ಮನುಷ್ಯರ ಬದಲು ಕಂಪ್ಯೂಟರೇ ನೋಡಬೇಕು. ಯಾರು ಏನು ತಿದ್ದಿದರೂ ಪುಟಗಳನ್ನು ಮೊದಲು ಬೇರೆ ಕಡೆ ಕಟ್ಟಿ ಪರೀಕ್ಷೆ ಮಾಡಬೇಕು. ಫೋನ್ ನಂಬರು ಪೂರ್ತಿ ಇದೆಯೋ, ಒತ್ತಿದ್ದೆಲ್ಲ ತೆರೆಯುತ್ತದೋ, ಸಣ್ಣ ಫೋನಿನಲ್ಲಿ ಅಕ್ಷರ ಕಾಣುತ್ತವೋ, ಯಾವ ಸಾಲಿನಲ್ಲೂ ಇಂಜೆಕ್ಷನ್ನಿನ ಜಾಗ ಖಾಲಿ ಉಳಿದಿಲ್ಲವೋ. ಎಲ್ಲ ಸರಿ ಇದ್ದರೆ ಹಸಿರು ಗುರುತು ಬಿದ್ದು ಹೊಸ ಪುಟ ಮೇಲೇರುತ್ತದೆ. ಒಂದು ತಪ್ಪಿದರೂ ಕೆಂಪು ಗುರುತು, ಅವಳ ಫೋನಿಗೆ ಮೆಸೇಜು. ಹೊಸದು ಹೊರಗೆ ಹೋಗುವುದಿಲ್ಲ, ಹಿಂದೆ ಸರಿಯಿದ್ದ ಪುಟವೇ ಉಳಿಯುತ್ತದೆ.

ಅಲ್ಲಾಉದ್ದೀನನನ್ನು ಕರೆಸಿ ತೋರಿಸಿದಳು. ಅವನ ಎದುರೇ ರಾಯಚೂರಿನ ಒಂದು ದವಾಖಾನೆಯ ಸಾಲಿನಲ್ಲಿ ಇಂಜೆಕ್ಷನ್ನಿನ ಜಾಗ ಅಳಿಸಿದಳು. ಸ್ವಲ್ಪ ಹೊತ್ತಿಗೆ ಕೆಂಪು ಬಿತ್ತು.

“ಈಗ ನಿನ್ನ ಫೋನ್ಯಾಗ ನೋಡು ಭಾಯಿ.”

ಅವನು ಮತ್ತೆ ಮತ್ತೆ ತೆರೆದು ನೋಡಿದ. ಪುಟ ಅಲುಗಾಡಿರಲಿಲ್ಲ. ಅಳಿಸಿದ ಜಾಗದಲ್ಲಿ, ಇಂಜೆಕ್ಷನ್ ಇವೆ ಎನ್ನುವ ಮೊದಲಿನ ‘ಅದಾವ’ ಹಾಗೆಯೇ ಇತ್ತು.

“ಗಟ್ಟಿ ಆತು ಬಿಡಕ್ಕಾ. ಇನ್ನ ಒದ್ರೂ ಬೀಳಂಗಿಲ್ಲ.”

ಇಬ್ಬರೂ ಚಹಾ ಕುಡಿದರು.

ಪ್ರತಿ ಸಾಲಿನ ಕೆಳಗೆ, ಅದನ್ನು ಯಾವಾಗ ತಿದ್ದಿದ್ದು ಎಂಬ ತಾರೀಖನ್ನೂ ಅವಳು ಹಾಕಿದ್ದಳು. ಅದು ಹೆಚ್ಚು ದಿನ ಉಳಿಯಲಿಲ್ಲ. ಔಷಧಿ ಕೋಣೆಯವರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ದೇವದುರ್ಗದಿಂದ ಗಡಿಗೆಪ್ಪನೂ ಮಾಡಿದ.

“ಯವ್ವಾ ತಂಗೀ, ಮಾಲು ಇದ್ದಂಗ ಅದ ಅಂದ್ರ ನಾ ಏನಂತ ತಿದ್ದಲಿ? ಜನ ತಾರೀಖು ನೋಡಿ, ನೀವು ದವಾಖಾನ್ಯಾಗ ನಿದ್ದಿ ಹೊಡ್ಯಾಕತ್ತೀರೇನು ಅಂತ ಮೈಮ್ಯಾಲೆ ಬರ್ತಾರ. ಅದೊಂದು ತಗದುಬಿಡು, ನಿನಗ ಪುಣ್ಯ ಬರ್ತದ.”

ಅವರಿಲ್ಲದೆ ಸೈಟೇ ಇಲ್ಲ. ತೆಗೆದುಬಿಟ್ಟಳು.

ಗಡಿಗೆಪ್ಪ ಇದ್ದದ್ದು ದೇವದುರ್ಗದ ಹೊರಗಿನ ಒಂದು ಖಾಸಗಿ ದವಾಖಾನೆಯಲ್ಲಿ. ಔಷಧಿ ಕೋಣೆಗೆ ಬರುವ ಮೊದಲು ವಯಸ್ಸಿನ ಬಹುಭಾಗವನ್ನು ಮಾನ್ವಿಯಲ್ಲಿ ಅಣ್ಣನ ಅಕ್ಕಿ ಅಂಗಡಿಯಲ್ಲಿ ಕಳೆದಿದ್ದ. ಅಲ್ಲಿ ಗೋಡೆಗೆ ಕರಿ ಹಲಗೆ, ಹಲಗೆಯ ಮೇಲೆ ಅಕ್ಕಿಯ ಜಾತಿ, ಎದುರಿಗೆ ದರ. ಒಂದು ಜಾತಿ ಮುಗಿದರೆ ದರ ಅಳಿಸುತ್ತಾರೆ, ಹೆಸರು ಬಿಡುತ್ತಾರೆ. ಇಲ್ಲ ಎಂದು ಬರೆಯುವುದಿಲ್ಲ. ಲಕ್ಷ್ಮಿ ಕೂತ ಜಾಗದಲ್ಲಿ ಇಲ್ಲ ಎನ್ನಬಾರದು, ಬರೆಯಲಂತೂ ಬಾರದು. ಆ ಕೈಯ ರೂಢಿ ಔಷಧಿ ಕೋಣೆಗೂ ಹಾಗೆಯೇ ಬಂದಿತ್ತು. ಅದರಲ್ಲೂ ಜೀವ ಉಳಿಸುವ ಮದ್ದು. ಅದರ ಮುಂದೆ ಇಲ್ಲ ಎಂದು ಹೇಗೆ ಬರೆಯುವುದು? ಇಂಜೆಕ್ಷನ್ ಮುಗಿದರೆ ಗಡಿಗೆಪ್ಪ ಆ ಜಾಗ ಅಳಿಸಿ ಖಾಲಿ ಬಿಡುತ್ತಿದ್ದ.

ಮೊದಲು ಅದರಿಂದ ತೊಂದರೆ ಇರಲಿಲ್ಲ. ಖಾಲಿ ಇದ್ದ ಕಡೆ ಪುಟದ ಮೇಲೆ ಒಂದು ಸಣ್ಣ ಗೆರೆ ಮೂಡುತ್ತಿತ್ತು. ಡ್ರೈವರುಗಳಿಗೆಲ್ಲ ಅದರ ಅರ್ಥ ಗೊತ್ತಿತ್ತು. “ದೇವದುರ್ಗಕ್ಕ ಹೋಗಬ್ಯಾಡ್ರಲೇ, ಗಡಿಗೆಪ್ಪ ಗೆರಿ ಹಾಕ್ಯಾನ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ರಾಯಚೂರಿನ ಅಂಗಡಿಯಲ್ಲಿ ಕೂತ ಯಶೋಧಾಳಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವಳ ಕಣ್ಣಿಗೆ ಖಾಲಿ ಜಾಗ ಅಂದರೆ ಮರೆತು ಬಿಟ್ಟ ಜಾಗ, ಹಿಡಿಯಬೇಕಾದ ತಪ್ಪು.

ಪರೀಕ್ಷೆ ಶುರುವಾದದ್ದು ಸುಗ್ಗಿ ಮುಗಿದ ಮೇಲೆ. ಬ್ಯಾಸಗಿಯಲ್ಲಿ ಹುಳ ಮುಟ್ಟುವುದು ಕಡಿಮೆ, ಗಡಿಗೆಪ್ಪನ ಹತ್ತಿರ ಇಂಜೆಕ್ಷನ್ ಮುಗಿಯಲಿಲ್ಲ. ಕೆಂಪು ಮೆಸೇಜು ಬರುತ್ತಲೇ ಇದ್ದವು, ಬೇರೆ ಬೇರೆ ಸಣ್ಣ ಕಾರಣಕ್ಕೆ. ಯಾವುದೋ ಫೋಟೋ ದೊಡ್ಡದಾಯಿತು, ಯಾವುದೋ ಕೊಂಡಿ ತಡವಾಗಿ ತೆರೆಯಿತು. ಎಷ್ಟೋ ಸಲ ಅವಳು ಸುಮ್ಮನೆ ಇನ್ನೊಂದು ಸಲ ಓಡಿಸಿದರೆ ತಾನೇ ಹಸಿರಾಗುತ್ತಿತ್ತು. ಬರಬರುತ್ತ ಕೆಂಪು ಬಂದರೆ ಕೈಯಲ್ಲಿದ್ದ ಕೆಲಸ ಮುಗಿಸಿ ನೋಡಿದರಾಯಿತು ಎನ್ನುವಂತಾಯಿತು.

ಶ್ರಾವಣದ ಲಗ್ನಗಳು ಹತ್ತಿರ ಬಂದಿದ್ದವು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಆ ದಿನ ಮುಂಜಾನೆ ಒಬ್ಬ ಹಿರಿಯರು, ಕಾರ್ಡಿನಲ್ಲಿ ತಮ್ಮ ಹೆಸರು ಬೀಗರ ಹೆಸರಿಗಿಂತ ಕೆಳಗೆ ಬಂದದ್ದೇಕೆ ಎಂದು ಪಟ್ಟು ಹಿಡಿದು ಕೂತಿದ್ದಾಗ ಫೋನು ಗುರ್ ಎಂದಿತು. ಕೆಂಪು. ಫೋಟೋದ್ದೇ ಇರಬೇಕು ಎಂದು ಅವಳು ಫೋನನ್ನು ಬೋರಲು ಹಾಕಿದಳು. ಇನ್ನೊಂದು ಸಲ ಗುರ್ ಎಂದಾಗ ತಿರುಗಿಸಿಯೂ ನೋಡಲಿಲ್ಲ.

ಮೊದಲನೆಯದು ಗಡಿಗೆಪ್ಪನದು. ಅವನಲ್ಲಿ ಉಳಿದಿದ್ದ ಇಂಜೆಕ್ಷನ್ನೆಲ್ಲ ಬೆಳಗಿನ ಜಾವ ಬಂದ ಒಬ್ಬ ರೋಗಿಗೆ ಮುಗಿದಿತ್ತು, ಅವನು ಜಾಗ ಅಳಿಸಿದ್ದ. ಎರಡನೆಯದು ಮಾನ್ವಿಯದು. ಅಲ್ಲಿಯ ದವಾಖಾನೆಗೆ ಹೊಸ ಸರಬರಾಜು ಬಂದು, ‘ಇಲ್ಲ’ ಎಂದಿದ್ದ ಕಡೆ ‘ಅದಾವ’ ಎಂದು ತಿದ್ದಿದ್ದರು. ಆದರೆ ಗಡಿಗೆಪ್ಪನ ಖಾಲಿ ಜಾಗ ತುಂಬುವವರೆಗೆ ಯಾರ ತಿದ್ದುಪಡಿಯೂ ಮೇಲೇರುವಂತಿರಲಿಲ್ಲ. ಪುಟ ನಿನ್ನೆಯದನ್ನೇ ಹೇಳುತ್ತ ನಿಂತಿತ್ತು. ದೇವದುರ್ಗದಲ್ಲಿ ಅದಾವ, ಮಾನ್ವಿಯಲ್ಲಿ ಇಲ್ಲ.

ಗಬ್ಬೂರಿನ ಆಚೆಯ ಹಳ್ಳಿಯಿಂದ ಟಂಟಂ ಆಟೋದಲ್ಲಿ ನಾಟಿಗೆ ಬಂದ ಆಳುಗಳಲ್ಲಿ ಅಂಬರೇಶ, ಆದೆಮ್ಮ ಗಂಡ ಹೆಂಡಿರೂ ಇದ್ದರು. ಕೆಲಸ ಮಾನ್ವಿಗೂ ದೇವದುರ್ಗಕ್ಕೂ ನಡುವಿನ ಒಂದು ಕ್ಯಾಂಪಿನಲ್ಲಿ. ಅವನು ಸಸಿಯ ಕಟ್ಟು ಎಸೆಯುತ್ತಿದ್ದ, ಅವಳು ಸಾಲಿನಲ್ಲಿ ಬಗ್ಗಿದ್ದಳು. ಅವಳು ಬದುವಿಗೆ ಕಾಲಿಟ್ಟಾಗ ಆಯಿತು. ಕೂಗಿಕೊಳ್ಳಲಿಲ್ಲ. “ಏನೋ ಮುಟ್ಟಿತ್ರಿ” ಎಂದು ಬದುವಿನ ಮೇಲೆ ಕೂತುಬಿಟ್ಟಳು.

ಅಲ್ಲಾಉದ್ದೀನ್ ಒಬ್ಬ ಬಾಣಂತಿಯನ್ನು ಮನೆ ಮುಟ್ಟಿಸಿ ಖಾಲಿ ಗಾಡಿ ತರುತ್ತಿದ್ದ. ಫೋನ್ ಬಂದ ಕೂಡಲೇ ತಿರುಗಿಸಿದ. ಅವಳನ್ನು ಮಲಗಿಸಿ, ಪುಟ ತೆರೆದು ನೋಡಿದ. ಮಾನ್ವಿ, ದೇವದುರ್ಗ ಎರಡೂ ಹೆಚ್ಚುಕಡಿಮೆ ಒಂದೇ ದೂರ. ದೇವದುರ್ಗದಲ್ಲಿ ಆ ವಾರ ಇಂಜೆಕ್ಷನ್ ತೋರಿಸುತ್ತಿದ್ದದ್ದು ಗಡಿಗೆಪ್ಪನ ದವಾಖಾನೆಯೊಂದೇ. ಪುಟ ಹೇಳಿದ ದಾರಿಗೆ ಗಾಡಿ ಬಿಟ್ಟ.

“ಯಣ್ಣಾ, ಕಣ್ಣ ಮುಚ್ಚಾಕತ್ಯಾಳ,” ಎಂದ ಅಂಬರೇಶ ಹಿಂದಿನಿಂದ. “ಹೊತ್ತು ಮೂಡೂಕಿಂತ ಮೊದಲ ಎದ್ದಾಳ. ನಿದ್ದಿ ಬಂದಿರ್ಬೇಕು.”

“ಮಲಗಾಕ ಬಿಡಬ್ಯಾಡ. ಮಾತಾಡ್ಸು.”

“ಆದೀ, ಏ ಆದೀ. ಏನರ ಮಾತಾಡಬೇ. ಬೈಯರ ಬೈ.”

ಅವಳ ರೆಪ್ಪೆ ಏಳಲಿಲ್ಲ. ನೀರು ಕೊಟ್ಟರೆ ಕಟಬಾಯಿಯಿಂದ ಇಳಿಯಿತು. ಆದರೆ ಕೈ ಮಾತ್ರ ಗಂಡನ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ದವಾಖಾನೆ ಮುಂದೆ ಸ್ಟ್ರೆಚರ್ ಇಳಿಸುವಾಗಲೇ ಗಡಿಗೆಪ್ಪ ಹೊರಗೆ ಬಂದ. ರೋಗಿಯ ಕಾಲು ನೋಡಿದ, ಅಲ್ಲಾಉದ್ದೀನನ ಮುಖ ನೋಡಿದ.

“ಇಲ್ಲಿಗ್ಯಾಕ ತಂದ್ಯೋ ಯಪ್ಪಾ? ಮುಂಜಾನಿನೇ ಮುಗದಾವ. ನಾ ಅಳಿಸೀನಲ್ಲೋ!”

“ಎಲ್ಲಿ ಅಳಿಸೀರಿ ಕಾಕಾ? ಇಲ್ಲಿ ನೋಡ್ರಿ, ಅದಾವ ಅಂತದ.”

ಗಡಿಗೆಪ್ಪ ತನ್ನ ಫೋನನ್ನೂ ತೆಗೆದ. ಪಟ್ಟಿಯಲ್ಲಿ ಖಾಲಿ, ಪುಟದಲ್ಲಿ ಅದಾವ. ಎರಡು ಫೋನನ್ನು ಅಕ್ಕಪಕ್ಕ ಹಿಡಿದು ನಿಂತ. ಒಳಗಿನಿಂದ ಡಾಕ್ಟರು ಬಂದು ತಮಗಾದದ್ದನ್ನು ಮಾಡಿದರು, ಗಂಟಲಿಗೆ ನಳಿಕೆ ಹಾಕಿ, ಕೈಯಿಂದ ಒತ್ತಿ ಉಸಿರು ಕೊಡುವ ಚೀಲವನ್ನೂ ಒಬ್ಬ ನರ್ಸನ್ನೂ ಜೊತೆಗೆ ಕೊಟ್ಟು, ತಡ ಮಾಡದೆ ರಾಯಚೂರಿಗೆ ಹೋಗಿ ಎಂದರು.

ಗಬ್ಬೂರು ದಾಟಿದ ಮೇಲೆ ನರ್ಸ್ ಚೀಲ ಒತ್ತುವುದನ್ನು ನಿಲ್ಲಿಸಿದಳು. ಅಂಬರೇಶ ಇನ್ನೂ ಮಾತಾಡಿಸುತ್ತಲೇ ಇದ್ದ. ಅಲ್ಲಾಉದ್ದೀನ್ ಕನ್ನಡಿಯಲ್ಲಿ ನೋಡಿದ. ಸೈರನ್ ಬಂದ್ ಮಾಡಿದ. ಆಗ ಅಂಬರೇಶನಿಗೆ ತಿಳಿಯಿತು.

ಸಂಜೆ ಅಲ್ಲಾಉದ್ದೀನ್ ಯಶೋಧಾಳ ಅಂಗಡಿಗೆ ಬಂದಾಗ ಜಗಳದ ದನಿ ಇರಲಿಲ್ಲ. ಗಾಡಿಯನ್ನು ಪಕ್ಕಕ್ಕೆ, ಯಾರಿಗೂ ಅಡ್ಡವಾಗದಂತೆ ನಿಲ್ಲಿಸಿದ್ದ. ಫೋನನ್ನು ಮೇಜಿನ ಮೇಲೆ ಇಟ್ಟ. ಪುಟ ಇನ್ನೂ ಅದನ್ನೇ ಹೇಳುತ್ತಿತ್ತು.

“ಒಂದು ಹೆಣ್ಮಗಳು ಹೋದ್ಳು,” ಎಂದ.

ಅವಳು ಮುಂಜಾನೆಯ ಕೆಂಪು ಮೆಸೇಜು ತೆರೆದಳು. ಒಂದೇ ಸಾಲಿನ ಕಾರಣ: ದೇವದುರ್ಗದ ಸಾಲಿನಲ್ಲಿ ಇಂಜೆಕ್ಷನ್ನಿನ ಜಾಗ ಖಾಲಿ. ಅವಳ ಪರೀಕ್ಷೆ ಅವಳು ಹೇಳಿಕೊಟ್ಟದ್ದನ್ನೇ ಚಾಚೂ ತಪ್ಪದೆ ಮಾಡಿತ್ತು.

“ಖಾಲಿ ಬಿಟ್ಟಾರ. ತುಂಬಿಲ್ಲ.”

“ತುಂಬಿಲ್ಲ ಅಲ್ಲಕ್ಕಾ. ಗಡಿಗೆಪ್ಪ ಕಾಕಾ ಖಾಲಿ ಬಿಟ್ಟಾನ ಅಂದ್ರ ಮುಗದಾವ ಅಂತ. ಇಲ್ಲ ಅಂತ ಅಂವ ಬರಿಯಂಗಿಲ್ಲ. ನಮಗೆಲ್ಲಾ ಗೊತ್ತಲ್ಲ.”

“ನನಗ್ಯಾಕ ಹೇಳಲಿಲ್ಲ?”

“ಹೇಳೂವಂಥಾದ್ದು ಅನಿಸಿದ್ರ ಹೇಳ್ತಿದ್ದೆ. ನೀ ನನ್ನ ಮುಂದ ಅಳಿಸಿ ತೋರಿಸಿದಾಗ್ಲೂ ಹೊಳೀಲಿಲ್ಲ ನೋಡು. ಗಟ್ಟಿ ಅದ ಅಂತ ಚಾ ಕುಡದು ಹೋದೆ.”

ಅವಳು ಕೆಳಗಿನ ಕೆಂಪನ್ನೂ ತೆರೆದಳು. ಮಾನ್ವಿಯದು. ಓದಿದಳು. ಆಮೇಲೆ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನು ಓದಿ, ಎದ್ದು, ಹೊರಗೆ ಹೋಗಿ ಗಾಡಿಯ ಮೆಟ್ಟಿಲ ಮೇಲೆ ಕೂತ.

ಮರುದಿನ ಗಡಿಗೆಪ್ಪ ಫೋನ್ ಮಾಡಿದ. ಇನ್ನು ಮೇಲೆ ಇಲ್ಲ ಅಂತಲೇ ಬರೆಯುತ್ತೇನೆ, ಬೇಕಾದರೆ ಬೆರಳು ಕತ್ತರಿಸಿಕೊಂಡಾದರೂ ಬರೆಯುತ್ತೇನೆ ಎಂದು ಅತ್ತ. “ಬ್ಯಾಡ್ರಿ ಕಾಕಾ,” ಎಂದಳು ಅವಳು. “ನೀವು ಖಾಲಿನೇ ಬಿಡ್ರಿ. ಗಡಿಬಿಡ್ಯಾಗ ಕೈ ಹಳೇದನ್ನ ಮಾಡ್ತದ. ನಾನೇ ತಿಳ್ಕೊಬೇಕಿತ್ತು.” ಪರೀಕ್ಷೆಯನ್ನು ಬದಲಿಸಿದಳು. ಖಾಲಿ ಇದ್ದರೆ ಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಲ್ಲ’ ಎಂದು ಪುಟವೇ ಬರೆಯುತ್ತದೆ. ಒಬ್ಬರ ಸಾಲು ಕೆಟ್ಟರೆ ಆ ಸಾಲಿಗೆ ಮಾತ್ರ ‘ಫೋನ್ ಮಾಡಿ ಕೇಳಿ’, ಉಳಿದವರದು ಮೇಲೇರಲೇಬೇಕು, ಕೆಂಪು ಮೆಸೇಜು ಮೊದಲಿನಂತೆಯೇ ಬರಬೇಕು. ತಾರೀಖು, ಹೊತ್ತು ಮತ್ತೆ ಬಂದವು. ಯಾರೂ ಆಕ್ಷೇಪಣೆ ಮಾಡಲಿಲ್ಲ.

ಆದೆಮ್ಮನಿಗೆ ಮಣ್ಣು ಕೊಟ್ಟು ಕೆಲವು ದಿನವಾದ ಮೇಲೆ ಯಶೋಧಾ ಅಂಬರೇಶನ ಮನೆಗೆ ಹೋಗಬೇಕೆಂದಳು. ಅಲ್ಲಾಉದ್ದೀನ್ ಕರೆದುಕೊಂಡು ಹೊರಟ. ಗಬ್ಬೂರು ಬಂದಾಗ ಗಾಡಿ ನಿಧಾನ ಮಾಡಿದ.

“ಒಂದು ಮಾತು. ಮಾನ್ವ್ಯಾಗ ಇತ್ತು ಅಂತ ಹೇಳಬ್ಯಾಡ. ಹೆಂಡ್ತಿ ಹೋಗ್ಯಾಳ, ಅದೊಂದು ಸಾಕು ಅವಗ.”

ಅವಳು, ಇನ್ನೆಷ್ಟು ದೂರ ಎಂದಷ್ಟೇ ಕೇಳಿದಳು.

ಅಂಬರೇಶ ಕಟ್ಟೆಯ ಮೇಲೆ ಚಾಪೆ ಹಾಸಿದ, ನೀರು ತಂದ. ಗೂಟಕ್ಕೆ ಆದೆಮ್ಮ ನಾಟಿಗೆ ಹೋಗುವಾಗ ಉಡುತ್ತಿದ್ದ ಇನ್ನೊಂದು ಹಳೆಯ ಸೀರೆ ಇನ್ನೂ ತೂಗುತ್ತಿತ್ತು. ಯಶೋಧಾ ಬಂದ ಕಾರಣ ಹೇಳಿದಳು. ಆ ಪುಟ ನನ್ನದು, ಅದು ಅವತ್ತು ಸುಳ್ಳು ಹೇಳಿತು ಎಂದಳು. ಅವನು ತಲೆ ತಗ್ಗಿಸಿ ಕೇಳಿದ.

“ಅದು ಖರೇ ಹೇಳಿದ್ರ ನಾವು ಎಲ್ಲಿಗೆ ಹೋಗ್ತಿದ್ವಿ ಯಕ್ಕಾ?”

“ಮಾನ್ವಿಗೆ.”

“ಮಾನ್ವ್ಯಾಗ ಇತ್ತೇನ್ರಿ?”

ಅವಳ ಬಾಯಿ ಏಳಲಿಲ್ಲ. ಅಲ್ಲಾಉದ್ದೀನ್ ನೆಲ ನೋಡುತ್ತಿದ್ದ. ಅಂಬರೇಶ ಕಾದ. ಆಮೇಲೆ ತಾನೇ ತಲೆ ಆಡಿಸಿದ.

“ಅಲ್ಲೂ ಇದ್ದಿಲ್ಲ. ಹಂಗಾರ ಆಕಿದು ಅಷ್ಟೇ ಇತ್ತು ಬಿಡ್ರಿ. ಯಾರೇನ್ ಮಾಡೂದು.”

ಅವನ ಹೆಗಲು ಸ್ವಲ್ಪ ಸಡಿಲವಾಯಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನೀರು ಕುಡಿದು ಎದ್ದು ಬರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅವಳು ಗೂಟದ ಸೀರೆಯ ಕಡೆ ನೋಡಿದಳು.

“ಇತ್ತು ಅಣ್ಣಾ. ಅವತ್ತ ಮುಂಜಾನಿ ಬಂದಿತ್ತು. ನನ್ನ ಪುಟ ಅದನ್ನ ಹಿಡಿದು ನಿಂದ್ರಿಸಿತ್ತು.”

ಅಂಬರೇಶ ಬೈಯಲಿಲ್ಲ, ಅಳಲಿಲ್ಲ. “ಮತ್ತ ನಿಮಗ ಗೊತ್ತಾಗಲಿಲ್ಲೇನ್ರಿ?” ಎಂದ.

ಅವಳು ಫೋನ್ ತೆಗೆದು ಆ ದಿನದ ಮೆಸೇಜು ತೋರಿಸಿದಳು. ಎರಡು ಕೆಂಪು ಗುರುತು, ಒಂದರ ಕೆಳಗೊಂದು.

“ತಪ್ಪಾದ್ರ ಹಿಂಗ ಬರ್ತದ.”

“ಅವತ್ತೂ ಬಂದಿತ್ತು.”

“ಬಂದಿತ್ತು.”

“ನೋಡಿದ್ರಿ?”

“ಒಂದನ್ನ ನೋಡಿದೆ. ಕೆಲಸ ಮುಗಿಸಿ ನೋಡಿದ್ರಾತು ಅಂತ ಬೋರಲ ಹಾಕಿದೆ.”

ಅವನು ಫೋನನ್ನು ಕೈಗೆ ತೆಗೆದುಕೊಂಡ. ಕೆಂಪಿನ ಮೇಲೆ ಹೆಬ್ಬೆರಳು ಇಟ್ಟು ಒರೆಸಿದ, ಒರೆಸಿದರೆ ಹೋಗುತ್ತದೇನೋ ಎಂಬಂತೆ. ಆಮೇಲೆ ವಾಪಸು ಕೊಟ್ಟು, ಅಂಗಿ ಕಿಸೆಯಿಂದ ತನ್ನ ಫೋನ್ ತೆಗೆದ. ಗಾಜು ಒಡೆದ, ರಬ್ಬರ್ ಬ್ಯಾಂಡ್ ಸುತ್ತಿದ ಫೋನು.

“ಇದಕ್ಕೂ ಬರೂವಂಗ ಮಾಡ್ರಿ.”

“ಅಣ್ಣಾ…”

“ಓದಾಕ ಬರಂಗಿಲ್ಲ ನನಗ. ಕೆಂಪು ಗೊತ್ತಾಗ್ತದ. ಬಂದ ಕೂಡ್ಲೇ ನಿಮಗ ಫೋನ್ ಹಚ್ತೀನಿ. ನೀವು ಎತ್ತೂ ತನಕ ಹಚ್ತೀನಿ.”

ಅವಳು ಅಲ್ಲೇ ಕೂತು ಮಾಡಿಕೊಟ್ಟಳು. ಬರುತ್ತದೋ ಇಲ್ಲವೋ ನೋಡಲು ಪಟ್ಟಿಯಲ್ಲಿ ಒಂದು ನಂಬರಿನ ಕೊನೆಯ ಅಂಕಿ ಅಳಿಸಿದಳು. ಮೂವರೂ ಒಡೆದ ಗಾಜನ್ನು ನೋಡುತ್ತ ಕಾದರು. ಕೆಂಪು ಬಂತು. ಅಂಬರೇಶ ಅವಳು ಎದುರಿಗೇ ಕೂತಿದ್ದರೂ ಅವಳಿಗೆ ಫೋನ್ ಹಚ್ಚಿದ. ಅವಳು ಎತ್ತಿ ಕಿವಿಗೆ ಹಿಡಿದಳು.

“ಯಕ್ಕಾ, ಕೆಂಪು ಬಂದದ,” ಎಂದ, ಅವಳ ಮುಖ ನೋಡದೆ.

“ನೋಡಿದೆ ಅಣ್ಣಾ.”

“ಸರಿ ಮಾಡ್ರಿ. ನಾ ಇಡಂಗಿಲ್ಲ.”

ಅವಳು ಅಂಕಿ ತುಂಬಿದಳು. ಹಸಿರು ಬರುವವರೆಗೆ ಅವನು ಫೋನು ಇಡಲಿಲ್ಲ.